ಅಭಿರಕ್ಷೆ ಎಂದರೆ ರಿಕ್ಷಾ ಅಲ್ಲ

ಕೋರ್ಟಿನಲ್ಲಿ ನಗಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ನಮ್ಮ ಶಿರಸ್ತೇದಾರರು ಹೇಳಿದರು. ಹೇಳುವಾಗ ಅವರ ಕನ್ನಡಕ ಮೂಗಿನ ತುದಿಗೆ ಜಾರಿ, ಇನ್ನೇನು ಬಿತ್ತು ಅನ್ನುವಂತೆ ನಿಂತಿತ್ತು. ನನಗೆ ನಗು ಬಂತು. ಅಲ್ಲಿಂದ ಶುರುವಾದದ್ದು ನಾನು ನಿವೃತ್ತಳಾಗುವವರೆಗೂ ನಿಲ್ಲಲಿಲ್ಲ.

ಈಗ ನಮ್ಮ ಓಣಿಯ ಇಬ್ಬರು ಹುಡುಗಿಯರು ಕೋರ್ಟಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದ್ದಾರೆ. ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು, “ಅಕ್ಕಾರ, ಈ ಡೈವೋರ್ಸ್ ಕೇಸಿನ ಮಾತು ಒಂದೂ ತಲೀಗೆ ಹೋಗವಲ್ದು. ನೀವು ಹೆಂಗ ಕಲ್ತ್ರಿ?” ಎಂದು ಕೇಳುತ್ತಾರೆ. ಕಲಿತೆ ಎಂದು ಯಾರು ಹೇಳಿದರು? ತಪ್ಪು ಮಾಡಿದೆ, ಬೈಸಿಕೊಂಡೆ, ಮತ್ತೆ ತಪ್ಪು ಮಾಡಿದೆ. ಅದನ್ನೇ ಬರೆದಿಡುತ್ತೇನೆ. ಬಡ್ತಿ ಯಾವಾಗ ಸಿಕ್ಕಿತು ಎಂಬುದೆಲ್ಲ ನನ್ನ ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಯಾವ ಕೋರ್ಟು ಎಂದೂ ಹೇಳುವುದಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಹಂಚು ಕಾದು, ಒಳಗೆ ಕೂತವರ ತಲೆಯೂ ಕಾಯುತ್ತಿದ್ದ ಒಂದು ಕಟ್ಟಡ ಎಂದುಕೊಂಡರೆ ಸಾಕು.

ನಾನು ಸೇರಿದ್ದು ಅರವತ್ತರ ದಶಕದ ಕೊನೆಗೆ. ಆಗ ಅಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಉಳಿದ ಹೆಂಗಸರೆಲ್ಲ ಕೇಸಿಗೆ ಬಂದವರು. ಹಾಗಾಗಿ ಗಂಡನ ಮೇಲೆ ಅರ್ಜಿ ಹಾಕಿದವಳು, ಗಂಡನಿಂದ ನೋಟೀಸು ಬಂದವಳು, ಅವರ ಜೊತೆಗೆ ಬಂದ ಅತ್ತೆ, ಅತ್ತಿಗೆ ಎಲ್ಲರೂ ಸೀದಾ ನನ್ನ ಮೇಜಿಗೇ ಬರುತ್ತಿದ್ದರು. ಗಂಡಸರು ಕೂಡ ನಾಚಿಕೆ ಬಿಟ್ಟು ಬರುತ್ತಿದ್ದರು. ವಕೀಲರು ಹೇಳಿದ ಇಂಗ್ಲಿಷ್ ಪದವನ್ನು ಬಾಯಲ್ಲಿ ಹಿಡಿದುಕೊಂಡು, ಮರೆಯುವ ಮೊದಲು ನನ್ನ ಮುಂದೆ ಉಗುಳುವುದು, ಅರ್ಥ ಕೇಳುವುದು.

ಮೋಕಾ ಎಂಬ ಊರಿನಿಂದ ಒಬ್ಬ ಮುದುಕ ಬಂದಿದ್ದ. ಸೊಸೆ ಡೈವೋರ್ಸ್ ಕೇಳಿ ಅರ್ಜಿ ಹಾಕಿದ್ದಳು. ಮಗನಿಗೆ ನೋಟೀಸು ಮುಟ್ಟಿ ಮೂರು ವಾಯಿದೆ ಕಳೆದರೂ ಪುಣ್ಯಾತ್ಮ ಬಂದಿರಲಿಲ್ಲ. ಊರಲ್ಲೆಲ್ಲ ಚುನಾವಣೆಯ ಗದ್ದಲ. ಮುದುಕ ನನ್ನ ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದ:

“ಅಮ್ಮಾರ, ನನ್ನ ಮಗ ಎಕ್ಸ್‌ಪಾರ್ಟಿ ಆಗ್ಯಾನಂತ. ನಮ್ಮಪ್ಪನ ಕಾಲದಿಂದ ನಾವು ಒಂದ ಪಾರ್ಟಿಗೆ ಓಟು ಹಾಕ್ಕೋತ ಬಂದೀವಿ. ಇದ್ಯಾವ ಹೊಸಾ ಪಾರ್ಟಿರೀ? ಗುರ್ತೇನು?”

ನಾನು ನಕ್ಕ ರಭಸಕ್ಕೆ ಟೈಪ್ ಯಂತ್ರದ ಗಂಟೆ ತಾನಾಗಿ ಹೊಡೆದುಕೊಂಡಿತು. ಸುಧಾರಿಸಿಕೊಂಡು ಹೇಳಿದೆ: ನೋಟೀಸು ಮುಟ್ಟಿದ ಮೇಲೂ ಬಾರದೇ ಹೋದರೆ, ಬಂದವರ ಮಾತನ್ನಷ್ಟೇ ಕೇಳಿ ಕೋರ್ಟು ಮುಂದೆ ಹೋಗುತ್ತದೆ, ಅದಕ್ಕೆ ಹಾಗನ್ನುತ್ತಾರೆ, ತಕ್ಕ ಕಾರಣ ತೋರಿಸಿ ಅದನ್ನು ತೆಗೆಸಿಕೊಳ್ಳಬಹುದು. ಮುದುಕ ತಲೆ ಆಡಿಸಿದ. “ಅಂದ್ರ ಕರದ್ರೂ ಊಟಕ್ಕ ಬರ್ಲಿಲ್ಲಂದ್ರ, ಕುಂತವ್ರಿಗೆ ಬಡಿಸಿಬಿಡ್ತೀರಿ ಅನ್ರಿ.” ಇಷ್ಟು ಚೆನ್ನಾಗಿ ಯಾವ ವಕೀಲರೂ ನನಗೆ ಹೇಳಿಕೊಟ್ಟಿರಲಿಲ್ಲ. ಮುಂದೆ ನಾನು ಎಲ್ಲರಿಗೂ ಇದನ್ನೇ ಹೇಳುತ್ತಾ ಬಂದೆ.

ಎಪ್ಪತ್ತರ ದಶಕ ನಡೆಯುತ್ತಿದ್ದಾಗ ಮೈಸೂರು ಕಡೆಯ ಒಬ್ಬ ಜಡ್ಜ್ ಸಾಹೇಬರು ಬಂದರು. ಬಹಳ ಒಳ್ಳೆಯವರು, ಮಾತು ಮೆತ್ತಗೆ, ಸಿಟ್ಟು ಬಂದರೂ ಬಹುವಚನ. ಆದರೆ ನಮ್ಮ ಕಡೆಯ ಮಾತು ಅವರಿಗೆ ತಿಳಿಯದು, ಅವರ ಮಾತು ನಮ್ಮ ಜನಕ್ಕೆ ತಿಳಿಯದು. ಕೋರ್ಟಿನ ಜವಾನ ಮಹಬೂಬ್ ಸಾಬ್ ಜೊತೆ ಮಾತ್ರ ಅವರು ತಾವು ಕಲಿತ ನಾಲ್ಕು ಉರ್ದು ಪದ ಬಳಸುತ್ತಿದ್ದರು. “ಅಭೀ ಕಾಫಿ”, “ಅಭೀ ಫೈಲ್”. ಮಹಬೂಬ್‌ಗೆ ಈ ‘ಅಭೀ’ ಕಿವಿಗೆ ಬಿದ್ದರೆ ಸಾಕು, ಕಾಲಿಗೆ ಚಕ್ರ ಬರುತ್ತಿತ್ತು.

ಒಂದು ದಿನ ಸಿರುಗುಪ್ಪದ ಹೆಂಗಸೊಬ್ಬಳು ಸಾಕ್ಷಿ ಕಟ್ಟೆ ಹತ್ತಿದಳು. ತವರು ಹೊಳೆಯ ಆಚೆ, ಮಾತೂ ಆ ಕಡೆಯದು. “ಗಂಡ ನನಗ ಸೋಡಚೀಟಿ ಕೊಟ್ಟಾನ್ರೀ” ಎಂದಳು.

“ಸೋಡಾ ಚೀಟಿಯೇ?” ಸಾಹೇಬರು ಕೇಳಿದರು. “ಯಾವ ಅಂಗಡಿಯದು?”

“ಅಂಗಡೀದಲ್ರೀ, ಪಂಚರು ಕುಂತು ಬರಸಿದ್ದು.”

“ಒಂದು ಸೋಡಾ ಕುಡಿಯಲು ಪಂಚರು ಏಕೆ ಬೇಕಮ್ಮಾ?”

ಆಕೆ ಕಂಗಾಲಾಗಿ ನನ್ನ ಮುಖ ನೋಡಿದಳು. ನಾನು ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ನಗುವಿನ ಭರದಲ್ಲಿ ಕೈ ಏನು ಟೈಪು ಮಾಡಿತೋ ಗೊತ್ತಾಗಲಿಲ್ಲ. ಮರುದಿನ ಶಿರಸ್ತೇದಾರರು ಹಾಳೆಯನ್ನು ನನ್ನ ಮೂಗಿಗೆ ಹಿಡಿದರು: ಗಂಡನು ಹೆಂಡತಿಗೆ ಸೋಡಾ ಅಂಗಡಿಯ ರಸೀದಿ ಕೊಟ್ಟು ವಿವಾಹವನ್ನು ಕೊನೆಗೊಳಿಸಿದನು ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಇತ್ತು. ಸೋಡಚೀಟಿ ಎಂದರೆ ಹಿರಿಯರ ಮುಂದೆ ಬರೆದುಕೊಡುವ ಬಿಡುಗಡೆ ಪತ್ರ. ಅವರ ಜನದಲ್ಲಿ ಹಿಂದಿನಿಂದ ಆ ವಾಡಿಕೆ ಇದೆ ಎಂದು ತೋರಿಸಿಕೊಟ್ಟರೆ ಮಾತ್ರ ಕೋರ್ಟು ಅದಕ್ಕೆ ಬೆಲೆ ಕೊಡುತ್ತದೆ. ಇದನ್ನು ಸಾಹೇಬರಿಗೆ ವಿವರಿಸಲು ಶಿರಸ್ತೇದಾರರು ನನ್ನನ್ನೇ ಕಳಿಸಿದರು, ಶಿಕ್ಷೆ ಎಂದು. ಸಾಹೇಬರು ಕೇಳಿ, ಕಿಟಕಿಯ ಕಡೆ ತಿರುಗಿ, ಬಹಳ ಹೊತ್ತು ಭುಜ ಕುಣಿಸಿದರು. ಅವರಿಗೂ ನನ್ನ ರೋಗವೇ ಇದೆ ಎಂದು ಅಂದು ತಿಳಿಯಿತು.

ಅದೇ ಹೊತ್ತಿಗೆ ಕೋರ್ಟಿನ ಕೆಲಸ ಕನ್ನಡದಲ್ಲಿ ನಡೆಯಬೇಕು ಎಂದು ಆದೇಶ ಬಂತು. ಕನ್ನಡದ ಟೈಪ್ ಯಂತ್ರ ಬಂತು. ಅದರ ಹಿಂದೆಯೇ ಕಾನೂನು ಪದಗಳ ಒಂದು ಪುಸ್ತಕ ಬಂತು. ಶಿರಸ್ತೇದಾರರಿಗೆ ಅದೇ ವೇದ. ಅದರಲ್ಲಿ ಮಗುವಿನ ‘ಕಸ್ಟಡಿ’ಗೆ ‘ಅಭಿರಕ್ಷೆ’ ಎಂದಿತ್ತು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಕಸ್ಟಡಿ ಎಂದರೆ ನಮ್ಮ ಜನಕ್ಕೆ ಗೊತ್ತಿದ್ದದ್ದು ಪೊಲೀಸರದು. “ಕೂಸು ಏನ್ ತಪ್ಪು ಮಾಡೇತ್ರೀ, ಕಸ್ಟಡಿಗೆ ಹಾಕಾಕ?” ಎಂದು ಎಷ್ಟು ಜನ ನನ್ನ ಮುಂದೆ ಅತ್ತಿದ್ದರೋ. ಈ ಹೊಸ ಪದ ಬಂದರೆ ಆ ಗೋಳು ತಪ್ಪಿತು ಎಂದುಕೊಂಡೆ.

ಆಗ ಬಂದದ್ದು ಹುಲಿಗೆಮ್ಮನ ಕೇಸು.

ಹುಲಿಗೆಮ್ಮ ಸಿರುಗುಪ್ಪದ ಆಚೆಯ ರಾರಾವಿ ಊರಿನವಳು. ಕುರುಗೋಡಿನ ದೊಡ್ಡಬಸಪ್ಪನಿಗೆ ಕೊಟ್ಟಿದ್ದರು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವನ ತಾಯಿಗೂ ಇವಳಿಗೂ ಆಗಲಿಲ್ಲ, ಅವನಿಗೆ ಇಬ್ಬರಲ್ಲಿ ಯಾರಿಗೂ ಎದುರು ಹೇಳಲು ಬರಲಿಲ್ಲ. ಇವಳು ನಾಲ್ಕು ವರ್ಷದ ಮಗಳು ನೀಲಿಯನ್ನು ಎತ್ತಿಕೊಂಡು ತವರಿಗೆ ಬಂದಳು. ಯುಗಾದಿಗೆಂದು ಅವನು ಬಂದು ಮಗಳನ್ನು ಕುರುಗೋಡಿಗೆ ಕರೆದೊಯ್ದ, ತಿರುಗಿ ಕಳಿಸಲಿಲ್ಲ. ಜೊತೆಗೆ, ಹೆಂಡತಿ ನನ್ನನ್ನು ಬಿಟ್ಟುಹೋಗಿದ್ದಾಳೆ, ವಿಚ್ಛೇದನ ಕೊಡಿ ಎಂದು ಅರ್ಜಿ ಹಾಕಿದ. ಹುಲಿಗೆಮ್ಮ ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು:

“ಅಕ್ಕಾರ, ಗಂಡ ಬ್ಯಾಡಂದ್ರ ಬ್ಯಾಡ ಅನ್ಲಿ. ನನಗ ನೀಲಿ ಬೇಕು. ಅವನ್ನ ಬಿಟ್ಟೆ ಅಂದ್ರ ನೀಲೀನೂ ಬಿಟ್ಟಂಗ ಆಕ್ಕೈತೇನ್ರೀ?”

“ಇಲ್ಲವ್ವಾ. ಗಂಡ ಹೆಂಡತಿ ಬಿಡೋದು ಒಂದು, ಮಗು ಯಾರ ಹತ್ರ ಅನ್ನೋದು ಇನ್ನೊಂದು. ಎರಡನ್ನೂ ಕೋರ್ಟು ಬ್ಯಾರೆ ಬ್ಯಾರೆ ನೋಡ್ತೈತಿ.”

ಆಕೆ ನಂಬಲಿಲ್ಲ. ಊರಲ್ಲಿ ಯಾರೋ ಬೇರೆ ಹೇಳಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ನನಗೆ ಆ ದಿನ ನಗು ಬರಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳಿಬಿಡುತ್ತೇನೆ.

ಮಗು ತನ್ನ ಹತ್ತಿರ ಇರಬೇಕೆಂದು ಹುಲಿಗೆಮ್ಮ ಹಾಕಿದ ಅರ್ಜಿಯ ಆದೇಶದ ದಿನ ದೊಡ್ಡಬಸಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಊಟದ ಬಿಡುವಿಗೆ ಇನ್ನೂ ಐದು ನಿಮಿಷ ಇತ್ತು. ಸಾಹೇಬರು ನಾನು ಟೈಪು ಮಾಡಿದ ಹಾಳೆಯನ್ನು ತಮ್ಮ ಮೆತ್ತನೆಯ ಮೈಸೂರು ದನಿಯಲ್ಲಿ ಓದಿದರು: “ಅಪ್ರಾಪ್ತ ವಯಸ್ಕಳಾದ ಸದರಿ ಮಗುವನ್ನು ಮಧ್ಯಂತರವಾಗಿ ತಾಯಿಯ ಅಭಿರಕ್ಷೆಗೆ ಒಪ್ಪಿಸತಕ್ಕದ್ದು.” ತಂದೆಗೆ ಪ್ರತಿ ಭಾನುವಾರ ಭೇಟಿಯ ಅವಕಾಶ ಎಂದೂ ಓದಿದರು. ಓದಿ, ಸಹಿ ಹಾಕಿ, ಎದ್ದು ಒಳಗೆ ಹೋದರು. ಇಬ್ಬರು ವಕೀಲರೂ ಪಕ್ಕದ ಕೋರ್ಟಿನಲ್ಲಿ ತಮ್ಮನ್ನು ಕೂಗಿದರೆಂದು ಕೋಟು ಹಾರಿಸುತ್ತ ಓಡಿದರು.

ಆ ಕ್ಷಣಕ್ಕೆ ಬಾಗಿಲಲ್ಲಿದ್ದ ಮಹಬೂಬ್ ಮಾಯವಾದ. ನಾನು ಹಾಳೆ ಜೋಡಿಸುತ್ತಿದ್ದೆ. ಎರಡು ನಿಮಿಷದಲ್ಲಿ ಹೊರಗೆ ಗಂಟೆಯ ಸದ್ದು. ನೋಡಿದರೆ, ಕೋರ್ಟಿನ ಮೆಟ್ಟಿಲ ತನಕ ಒಂದು ಸೈಕಲ್ ರಿಕ್ಷಾ ಬಂದು ನಿಂತಿದೆ! ಮಹಬೂಬ್ ಬೆವರು ಒರೆಸಿಕೊಳ್ಳುತ್ತ ಕೂಗುತ್ತಿದ್ದಾನೆ: “ಎಲ್ಲಿದಾಳ್ರೀ ಆ ತಾಯಿ? ಬಂತು ರಿಕ್ಷಾ!”

“ರಿಕ್ಷಾ ಯಾರು ತರಾಕ ಹೇಳಿದ್ರೋ?”

“ಸಾಹೇಬ್ರೇ ಓದಿದ್ರಲ್ರೀ! ‘ತಾಯಿಗೆ, ಅಭೀ ರಿಕ್ಷಾ’ ಅಂತ. ಒಪ್ಪಿಸತಕ್ಕದ್ದು ಅಂತನೂ ಅಂದ್ರು. ನಾ ಒಪ್ಸಾಕ ತಂದೀನಿ.”

ದೇವರೇ! ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಗುಮಾಸ್ತರು ನಕ್ಕರು, ಬೇರೆ ಕೇಸಿನವರು ನಕ್ಕರು, ರಿಕ್ಷಾದವನು ಏನೂ ತಿಳಿಯದೆ “ಎಕ್ಕಡಿಕಮ್ಮಾ?” ಎಂದು ತೆಲುಗಿನಲ್ಲಿ ಎಲ್ಲಿಗೆ ಎಂದು ಕೇಳುತ್ತಾ ತಾನೂ ನಕ್ಕ. ಹೊಟ್ಟೆ ಹಿಡಿದುಕೊಂಡು ಕಣ್ಣೊರೆಸುವಾಗ ಹುಲಿಗೆಮ್ಮ ಕಂಡಳು. ಕಂಬಕ್ಕೆ ಒರಗಿ, ನೆಲ ನೋಡುತ್ತ, ಸದ್ದಿಲ್ಲದೆ ಅಳುತ್ತಿದ್ದಳು.

“ಯಾಕವಾ, ಸಂತೋಷಕ್ಕ ಅಳ್ತಿ?”

“ಏನ್ ಸಂತೋಷ್ರೀ ಅಕ್ಕಾರ. ನನ್ನ ಮಗಳ್ನ ಭಿಕ್ಷಿಗೆ ಹಾಕ್ರಿ ಅಂತ ಓದಿದ್ರಲ್ಲ. ನಾ ಬಡವಿ ಇರ್ಬೋದು, ಭಿಕ್ಷಿ ಬೇಡಸಂಗಿಲ್ಲ. ಅವನ ಮನ್ಯಾಗಾದ್ರೂ ಉಣ್ಲಿ ಅಂತ, ಅವ ಎತ್ಕೊಂಡು ಹೋಗುವಾಗ ಸುಮ್ನ ನಿಂತೆ.”

ಅಭಿರಕ್ಷೆ ಅವಳ ಕಿವಿಯಲ್ಲಿ ಭಿಕ್ಷೆ ಆಗಿತ್ತು. ನನ್ನ ನಗು ಎಲ್ಲಿ ಹೋಯಿತೋ. “ಎಲ್ಲಿಗೆ ಹೋದ?” ಎಂದು ಕೇಳಿದೆ.

“ಕುರುಗೋಡ ಬಸ್ಸಿಗೆ. ‘ಕೋರ್ಟು ಕೂಸಿಗೆ ತಾಯಿಯಿಂದ ರಕ್ಷಣಿ ಕೊಟ್ಟೈತಿ’ ಅಂದು ಹೋದ.”

ಒಂದು ಪದ, ಮೂರು ಕಿವಿ. ಗೆದ್ದವಳು ಸೋತೆ ಎಂದು ಅಳುತ್ತಿದ್ದಾಳೆ, ಸೋತವನು ಗೆದ್ದೆ ಎಂದು ಮಗುವಿನ ಸಮೇತ ಊರಿಗೆ ಹೊರಟಿದ್ದಾನೆ. ಒಮ್ಮೆ ಕುರುಗೋಡು ಮುಟ್ಟಿದರೆ ಅಜ್ಜಿ ಆ ಮಗುವನ್ನು ಬಿಟ್ಟುಕೊಡುವವಳಲ್ಲ. ಮತ್ತೆ ಅರ್ಜಿ, ಮತ್ತೆ ನೋಟೀಸು ಒಯ್ಯುವ ಅಮೀನ, ಮತ್ತೆ ವಾಯಿದೆ. ತಪ್ಪು ಯಾರದು? ಪದ ನನಗೆ ಖುಷಿ ಕೊಟ್ಟಿತೆಂದು ಟೈಪು ಮಾಡಿದವಳು ನಾನೇ.

ಆದೇಶದ ಕಾರ್ಬನ್ ಪ್ರತಿಯನ್ನು ಕೈಯಲ್ಲಿ ಹಿಡಿದೆ. ಹುಲಿಗೆಮ್ಮನನ್ನು ರಿಕ್ಷಾಕ್ಕೆ ಹತ್ತಿಸಿ ನಾನೂ ಹತ್ತಿದೆ. “ಬಸ್‌ಸ್ಟ್ಯಾಂಡ್! ಅಭೀ!” ಎಂದು ಮಹಬೂಬ್‌ನೇ ಕೂಗಿದ, ಕೂಗಿ ಹಿಂದಿನಿಂದ ರಿಕ್ಷಾ ದಬ್ಬುತ್ತ ಓಡಿದ. ಶಿರಸ್ತೇದಾರರು ವರಾಂಡದಲ್ಲಿ ಊಟದ ಡಬ್ಬಿ ಹಿಡಿದು ನಿಂತು, “ಏನಮ್ಮಾ ಇದು, ಏನಿದು ಸವಾರಿ!” ಎನ್ನುತ್ತಿದ್ದುದು ಕೇಳಿಸಿತು. ನನ್ನ ಒಂದು ಚಪ್ಪಲಿ ದಾರಿಯಲ್ಲಿ ಬಿತ್ತು. ಆಮೇಲೆ ಅದನ್ನು ಹುಡುಕಿ ತಂದವನೂ ಮಹಬೂಬೇ. ಆ ಬಿಸಿಲಲ್ಲಿ, ಜನರೆಲ್ಲ ನೋಡುತ್ತಿರುವಾಗ, ನನಗೆ ಹೆದರಿಕೆಯಾಗಬೇಕಿತ್ತು. ರೆಕ್ಕೆ ಬಂದಂತಾಗಿತ್ತು!

ಬಸ್ಸು ಹೊರಟು ಗೇಟಿನ ಬಳಿ ಬಂದಿತ್ತು. ರಿಕ್ಷಾದವನು ಅದರ ಮೂಗಿಗೆ ಅಡ್ಡ ನಿಲ್ಲಿಸಿದ. ಡ್ರೈವರ್ ಬೈದ ಬೈಗುಳವನ್ನು ಬರೆಯುವ ಹಾಗಿಲ್ಲ. ನಾನು ಒಂದು ಚಪ್ಪಲಿಯಲ್ಲೇ ಬಸ್ಸು ಹತ್ತಿದೆ. ಮೂರನೆಯ ಸೀಟಿನಲ್ಲಿ ದೊಡ್ಡಬಸಪ್ಪ, ತೊಡೆಯ ಮೇಲೆ ನೀಲಿ, ಅವಳ ಕೈಯಲ್ಲಿ ಮಂಡಕ್ಕಿ ಪೊಟ್ಟಣ.

“ಅಣ್ಣಾ, ಕೋರ್ಟು ಮಗಳ್ನ ತಾಯಿ ಹತ್ರ ಬಿಡು ಅಂದೈತಿ. ನೀವು ತಪ್ಪು ತಿಳಕೊಂಡೀರಿ.”

“ನಾ ಗಾರ್ಡಿಯನ್ ಅದೀನ್ರೀ ಅಮ್ಮಾರ,” ಎಂದ ಅವನು, ಜಗಳಕ್ಕಲ್ಲ, ಗೊಂದಲದಲ್ಲಿ. “ವಕೀಲರು ಹೇಳ್ಯಾರ. ಕಾನೂನಿನಾಗ ತಂದೀನ ಗಾರ್ಡಿಯನ್.”

“ಹೌದು, ಅದೀರಿ. ಕೂಸಿನ ಹೆಸರ್ಲೆ ಹೊಲ ಮನಿ ಕಾಗದ ಇದ್ರ ಸಹಿ ನಿಮ್ದ. ಅದು ಎಲ್ಲೀಗೂ ಹೋಗಿಲ್ಲ. ಆದ್ರ ಕೂಸು ಯಾರ ಕೈಲಿ ಉಣ್ತೈತಿ, ಯಾರ ಮಗ್ಗಲದಾಗ ಮಲಗ್ತೈತಿ ಅನ್ನೋದು ಬ್ಯಾರೆ ಮಾತು. ಅದಕ್ಕ ಅಭಿರಕ್ಷೆ ಅಂತಾರ. ಐದು ತುಂಬದ ಕೂಸು ಸಾಮಾನ್ಯವಾಗಿ ತಾಯಿ ಹತ್ರನ ಇರಬೇಕು.”

ಹಿಂದಿನ ಸೀಟಿನಿಂದ ಯಾರೋ ಹೇಳಿದರು: “ಗಾರ್ಡಂದ್ರ ರೈಲಿನ ಹಿಂದಿನ ಡಬ್ಬಿಯಾಗ ಹಸರು ಬಾವುಟ ಹಿಡ್ಕೊಂಡು ನಿಂದ್ರಾವ. ಬಿಡಪ, ನಿನಗ ಬಾವುಟ ಐತಿ.” ಬಸ್ಸು ಗೊಳ್ಳೆಂದಿತು. ಕಂಡಕ್ಟರ್ ಕಾಗದ ಇಸಿದುಕೊಂಡು ಜೋರಾಗಿ ಓದಲು ಹೋಗಿ ‘ಅಪ್ರಾಪ್ತ’ದಲ್ಲೇ ಸಿಕ್ಕಿಕೊಂಡು, ನನಗೇ ತಿರುಗಿಸಿ ಕೊಟ್ಟ.

“ಮಧ್ಯಂತರ ಅಂತಿತ್ತಲ್ರೀ,” ದೊಡ್ಡಬಸಪ್ಪ ಕೇಳಿದ. “ಅದೇನು? ಟಾಕೀಸಿನಾಗಿನ ಇಂಟರ್‌ವಲ್ಲೇನು?”

“ಅದ ಅಂತ ತಿಳ್ಕೋರಿ. ಆಟ ಮುಗದಿಲ್ಲ. ಕೊನೀ ತೀರ್ಪು ಬರೋತನಕ ಇದು. ಆಮ್ಯಾಲೂ, ಕೂಸಿಗೆ ಒಳ್ಳೇದಾಗಂಗಿಲ್ಲ ಅನ್ನಿಸಿದ್ರ ಕೇಳಿ ಬದಲಾಯಿಸ್ಕೋಬೋದು.”

“ಅಲ್ಲೀತನಕ ನಾನು?”

ಆದೇಶದಲ್ಲಿ ‘ಭೇಟಿಯ ಅವಕಾಶ’ ಎಂದಿತ್ತು. ಅಷ್ಟರಲ್ಲಿ ನನಗೆ ಬಿಡಿಸಿ ಹೇಳುವ ಹುರುಪು ತಲೆಗೇರಿತ್ತು. ಇನ್ನೊಂದು ದೊಡ್ಡ ಪದ ಏಕೆ ಎಂದುಕೊಂಡು, “ಪ್ರತಿ ಐತಾರ ರಾರಾವಿಗೆ ಹೋಗಿ ಮಗಳ್ನ ನೋಡಬಹುದು” ಎಂದೆ.

“ನೋಡಬಹುದಾ?”

“ಖಂಡಿತ ನೋಡಬಹುದು. ಯಾರೂ ಬ್ಯಾಡ ಅನ್ನಂಗಿಲ್ಲ.”

ಅವನು ತಾನೇ ಎದ್ದು, ಮಗಳನ್ನು ಹೆಗಲಿಗೇರಿಸಿಕೊಂಡು ಇಳಿದು, ರಿಕ್ಷಾದಲ್ಲಿದ್ದ ಹುಲಿಗೆಮ್ಮನ ಮಡಿಲಲ್ಲಿ ಕೂರಿಸಿದ. ಮಂಡಕ್ಕಿ ಚೆಲ್ಲದಂತೆ ಪೊಟ್ಟಣದ ಬಾಯಿ ತಿರುಚಿ ಮಗಳ ಕೈಗೆ ಕೊಟ್ಟ. ಹುಲಿಗೆಮ್ಮ ಮಗಳ ತಲೆ, ಕಿವಿ, ಬೆರಳು ಎಲ್ಲ ಮುಟ್ಟಿ ನೋಡುತ್ತ, “ಅಕ್ಕಾರ, ಇನ್ನೊಮ್ಮೆ ಹೇಳ್ರಿ, ಭಿಕ್ಷಿ ಅಲ್ಲಲ್ಲ?” ಎಂದು ಸಿರುಗುಪ್ಪದ ಬಸ್ಸು ಬರುವ ತನಕ ಕೇಳುತ್ತಲೇ ಇದ್ದಳು. ನಾನು ಹೇಳುತ್ತಲೇ ಇದ್ದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಕೋರ್ಟಿಗೆ ಮರಳುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಶಿರಸ್ತೇದಾರರ ಮೆಮೊ ಮೇಜಿನ ಮೇಲೆ ಕಾದಿತ್ತು. ಸಾಹೇಬರು ಅದನ್ನು ತರಿಸಿಕೊಂಡು, ನಡೆದದ್ದನ್ನು ಕೇಳಿ, ಮತ್ತೆ ಕಿಟಕಿಯ ಕಡೆ ತಿರುಗಿದರು. ತಿರುಗಿ ಬಂದ ಮೇಲೆ, “ನಾಳೆಯಿಂದ ನಾನು ಆದೇಶ ಓದಿದ ಮೇಲೆ ನೀವು ಅದನ್ನು ಇವರ ಮಾತಿನಲ್ಲಿ ಹೇಳಿ. ಹೇಳಿದ್ದು ತಿಳಿಯಿತು ಎಂದು ಅವರ ಬಾಯಲ್ಲೇ ಬರುವ ತನಕ ಕಕ್ಷಿದಾರರನ್ನು ಹೊರಗೆ ಬಿಡಬೇಡಿ” ಎಂದರು. ಆ ಪದ್ಧತಿ ಅವರು ವರ್ಗವಾಗಿ ಹೋಗುವವರೆಗೂ ನಡೆಯಿತು. ನಾನಂತೂ ನೆಲದ ಮೇಲೆ ನಡೆಯುತ್ತಿರಲಿಲ್ಲ. ಪುಸ್ತಕದ ಪದಗಳನ್ನೆಲ್ಲ ಸೋಲಿಸಿಬಿಟ್ಟೆ ಎಂಬ ಜಂಬ.

ಮೂರನೆಯ ವಾರ, ಸೋಮವಾರ ಬೆಳಿಗ್ಗೆ ಕೋರ್ಟಿನ ಬಾಗಿಲು ತೆಗೆಯುವ ಮೊದಲೇ ದೊಡ್ಡಬಸಪ್ಪ ಬಂದು ಕಾದಿದ್ದ. ನಿದ್ದೆಗೆಟ್ಟ ಕಣ್ಣು. ಜಗಳಕ್ಕೇ ಬಂದಿದ್ದಾನೆ ಎಂದು ಮಹಬೂಬ್ ನನ್ನ ಪಕ್ಕಕ್ಕೆ ಬಂದು ನಿಂತ.

“ಅಮ್ಮಾರ, ಒಂದು ಮಾತು ಕೇಳಾಕ ಬಂದೆ. ಕೋರ್ಟು ನೋಡಬಹುದು ಅಂದೈತಿ. ಎತ್ಕೋಬಹುದೇನ್ರೀ?”

ನನಗೆ ಮೊದಲು ತಿಳಿಯಲಿಲ್ಲ.

“ಎರಡು ಐತಾರ ಹೋಗಿ ಬಂದೆ. ಅವರ ಮನಿ ಮುಂದ ಕುಂತು ನೋಡಿದೆ. ಅದು ‘ಅಪ್ಪಾ, ಎತ್ಕೋ’ ಅಂತ ಎರಡೂ ಕೈ ಚಾಚ್ತಿತ್ತು. ನಾ ಕೈ ಹಿಂದ ಕಟ್ಕೊಂಡು ಕುಂತೆ. ನೋಡು ಅಂದಾರ, ಮುಟ್ಟು ಅಂದಿಲ್ಲ. ಮುಟ್ಟಿದ್ರ, ನೋಡೋದನ್ನೂ ಕಿತ್ಕೋತಾರೇನೋ ಅಂತ. ನಿನ್ನೆ ಅದು ಕರಿಯೋದು ಬಿಟ್ಟು ಒಳಗ ಹೋತ್ರೀ.”

ನನ್ನ ಸರಳ ಕನ್ನಡ. ಪುಸ್ತಕದ ಪದವನ್ನು ದೂರಿದವಳು ನಾನು. ‘ನೋಡಬಹುದು’ ಎಂದು ಬಸ್ಸಿನಲ್ಲಿ ಎರಡು ಸಲ ಹೇಳಿದವಳೂ ನಾನು. ಕಣ್ಣಲ್ಲಿ ನೀರು ಬಂದು ಅವನ ಮುಖ ಮಸುಕಾಯಿತು.

“ಎತ್ಕೋರಿ ಅಣ್ಣಾ,” ಎಂದೆ. “ಎತ್ಕೋರಿ, ಮುದ್ದು ಮಾಡ್ರಿ, ತುತ್ತು ಮಾಡಿ ಉಣಸ್ರಿ. ಭೇಟಿ ಅಂದ್ರ ಅದೆಲ್ಲಾ ಸೇರೈತಿ. ನಾನ ತಪ್ಪು ಹೇಳಿದೆ.”

“ಬರದು ಕೊಡ್ತೀರೇನು? ಅವರಿಗೆ ತೋರ್ಸಾಕ.”

ಬರೆದುಕೊಡಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಯಂತ್ರಕ್ಕೆ ಹಾಳೆ ಏರಿಸಿ, ‘ತಂದೆಯು ಮಗಳನ್ನು ಎತ್ತಿಕೊಳ್ಳಬಹುದು’ ಎಂದು ಟೈಪು ಮಾಡಿ ಕೊಟ್ಟೆ. ಮೊಹರಿಲ್ಲ, ಸಹಿಯಿಲ್ಲ. ಅವನು ಅದನ್ನು ಎರಡು ಸಲ ಓದಿಸಿಕೊಂಡು, ನಾಲ್ಕು ಮಡಿಕೆ ಮಾಡಿ, ಅಂಗಿಯ ಒಳಜೇಬಿಗೆ ಇಟ್ಟು, ಸಿರುಗುಪ್ಪದ ಬಸ್ಸು ನಿಲ್ಲುವ ಕಡೆ ಓಡಿದ. ಅವತ್ತು ಸೋಮವಾರ, ನಿಮಗೆ ಇರುವುದು ಭಾನುವಾರ ಮಾತ್ರ ಎಂದು ಕೂಗಿ ಹೇಳಲು ನನಗೆ ಮನಸ್ಸು ಬರಲಿಲ್ಲ.